ಲೋಟದ ಐಸು, ಕಡಲಿನ ಮಟ್ಟ

"ಉತ್ತರ ಧ್ರುವದ ಸಮುದ್ರದಲ್ಲಿ ತೇಲುವ ಮಂಜುಗಡ್ಡೆ ಪೂರ್ತಿ ಕರಗಿದರೆ ಕಡಲು ಎಷ್ಟು ಏರುತ್ತೆ?"

ಶಾಲೆಗಳಲ್ಲಿ ಹವಾಮಾನ ಬದಲಾವಣೆಯ ಕ್ವಿಜ್ ನಡೆಸುವಾಗೆಲ್ಲ ನಾನು ಈ ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಹತ್ತು ಅಡಿ, ನೂರು ಅಡಿ ಅಂತ ಗಲಾಟೆ ಏಳುತ್ತದೆ. ಹಿಂದಿನ ಬೆಂಚಿನಿಂದ "ಮಂಗಳೂರು ಮುಳುಗುತ್ತೆ ಸಾರ್!" ಎಂಬ ಕೂಗೂ ಬರುತ್ತದೆ. ಸರಿಯುತ್ತರ: ಹೆಚ್ಚುಕಡಿಮೆ ಏನೂ ಏರಲ್ಲ.

ಮೇಷ್ಟ್ರುಗಳೂ ನಂಬಲ್ಲ. ಅದಕ್ಕೇ ಗಾಜಿನ ಲೋಟಕ್ಕೆ ಐಸ್ ತುಂಡು ಹಾಕಿ, ಅಂಚಿನವರೆಗೆ ನೀರು ತುಂಬಿ ಮೇಜಿನ ಮೇಲಿಡುತ್ತೇನೆ. ಐಸ್ ಕರಗಿ ಮಾಯವಾಗುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ.

ನೀರು ಹೆಪ್ಪುಗಟ್ಟಿದಾಗ ಮಂಡಕ್ಕಿಯ ಹಾಗೆ ಉಬ್ಬುತ್ತದೆ, ತೂಕ ಮಾತ್ರ ಅಷ್ಟೇ. ಹಾಗೆ ಉಬ್ಬಿದ್ದೇ ನೀರಿನ ಮೇಲೆ ಇಣುಕುವ ಭಾಗಕ್ಕೆ ಸಮ. ಕರಗಿದಾಗ ನೆನೆದ ಮಂಡಕ್ಕಿಯಂತೆ ಕುಗ್ಗಿ, ಮುಳುಗಿದ್ದ ಭಾಗದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಬಸ್ಸಿನೊಳಗೆ ಕೂತವನು ತೂಕಡಿಸಿದರೆ ರಶ್ ಜಾಸ್ತಿ ಆಗುತ್ತಾ? ಸ್ಟಾಪಿನಲ್ಲಿ ನಿಂತವರು ಹತ್ತಿದರೆ ತಾನೇ! ಆರ್ಕಿಮಿಡೀಸ್ ಬಚ್ಚಲಿನಿಂದ ಬತ್ತಲೆ ಓಡಿದ ಕತೆ ನಿಜವೋ ಸುಳ್ಳೋ, ತೇಲುವ ವಸ್ತುಗಳ ನಿಯಮವನ್ನಂತೂ ಆತ ಕ್ರಿ.ಪೂ. 3ನೇ ಶತಮಾನದಲ್ಲೇ ಬರೆದಿಟ್ಟ. (ಕಡಲ ನೀರು ಉಪ್ಪು, ಐಸು ಸಿಹಿನೀರು, ಹಾಗಾಗಿ ಚೂರೇ ಚೂರು ಏರುತ್ತದೆ. ತಕರಾರು ತೆಗೆಯುವವರಿಗಾಗಿ ಹೇಳಿದೆ.)

ಹಾಗಂತ ತೇಲುವ ಮಂಜು ಹೋದರೆ ಹೋಗಲಿ ಅನ್ನುವಂತಿಲ್ಲ. ಬಿಳಿ ಮಂಜು ಬಿಸಿಲನ್ನು ವಾಪಸ್ ಕಳಿಸುತ್ತದೆ. ಅದು ಹೋದ ಕಡೆ ಕಪ್ಪು ನೀರು ಬಿಸಿಲು ಕುಡಿದು ಇನ್ನಷ್ಟು ಕಾಯುತ್ತದೆ.

ಸ್ಟಾಪಿನಲ್ಲಿ ನಿಂತವರು ಯಾರು? ನೆಲದ ಮೇಲಿನ ಮಂಜು. ಗ್ರೀನ್‌ಲ್ಯಾಂಡಿನದು ಪೂರ್ತಿ ಕರಗಿದರೆ ಕಡಲು ಸುಮಾರು 7 ಮೀಟರ್, ಅಂಟಾರ್ಕ್ಟಿಕಾದ್ದು ಕರಗಿದರೆ ಸುಮಾರು 58 ಮೀಟರ್ ಏರುತ್ತದೆ. ನಾಳೆ ಬೆಳಗ್ಗೆ ಅಲ್ಲ ಬಿಡಿ, ಅದಕ್ಕೆ ನೂರಾರು, ಸಾವಿರಾರು ವರ್ಷ ಬೇಕು. ಆದರೆ 1901ರಿಂದ 2018ರ ನಡುವೆಯೇ ಕಡಲು 20 ಸೆಂಟಿಮೀಟರ್‌ನಷ್ಟು ಏರಿದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕಾದ ನೀರು ಹಿಗ್ಗಿದ್ದರಿಂದಲೇ. ಈ ಉತ್ತರವನ್ನಂತೂ ಯಾವ ಶಾಲೆಯಲ್ಲೂ ಯಾರೂ ಹೇಳಿಲ್ಲ.

ಕೊನೆಗೆ ಅದೇ ತುಂಬಿದ ಲೋಟದ ಮೇಲೆ ಟೀ ಸೋಸುವ ಜಾಲರಿ ಇಟ್ಟು, ಅದರಲ್ಲಿ ಇನ್ನೊಂದು ಐಸ್ ತುಂಡು ಹಾಕುತ್ತೇನೆ. ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನೀರು ಅಂಚಿನಲ್ಲಿ ಉಬ್ಬಿ ನಿಂತು, ಆಮೇಲೆ ಸರ್ರನೆ ಹೊರಗೆ ಜಾರುತ್ತದೆ. ಹೋದ ಸಲ ನನ್ನ ಪ್ರಶ್ನೆಪತ್ರಿಕೆಯೇ ಒದ್ದೆಯಾಯಿತು.