ಪಕ್ಕದ ರಾಜ್ಯದ ನೆಟ್ ಪ್ರೈಸ್ ನಿಮಗೆ ಸಿಗುವುದಿಲ್ಲ

ಅಕ್ಟೋಬರ್ ಬಂತೆಂದರೆ ನನಗೆ ಎಕ್ಸೆಲ್ ಶೀಟುಗಳು ಬರಲು ಶುರು. ಕಳಿಸುವವರು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು. ಮಗಳೋ ಮಗನೋ ಹೈಸ್ಕೂಲಿನ ಕೊನೆಯ ವರ್ಷದಲ್ಲಿರುತ್ತಾರೆ. ಒಂದು ಕಾಲಮ್ಮಿನಲ್ಲಿ ಕಾಲೇಜು, ಪಕ್ಕದಲ್ಲಿ ರಾಜ್ಯ, ಅದರ ಪಕ್ಕ, ಕಾಲೇಜುಗಳನ್ನು ಹೋಲಿಸಿ ನೋಡುವ ಅಮೆರಿಕ ಸರಕಾರದ ವೆಬ್‌ಸೈಟಾದ ಕಾಲೇಜ್ ಸ್ಕೋರ್‌ಕಾರ್ಡಿನಿಂದ ತೆಗೆದ ನೆಟ್ ಪ್ರೈಸ್. ಅಂದರೆ ಗ್ರ್ಯಾಂಟ್ (ವಾಪಸ್ ಕಟ್ಟಬೇಕಿಲ್ಲದ ನೆರವು), ಸ್ಕಾಲರ್‌ಶಿಪ್ ಕಳೆದು ಉಳಿಯುವ ಖರ್ಚು. ಕಡಿಮೆ ಇರುವ ಕಾಲೇಜುಗಳಿಗೆ ಹಸಿರು ಬಣ್ಣ ಹಚ್ಚಿರುತ್ತಾರೆ. ಶ್ರದ್ಧೆಯಿಂದ ಮಾಡಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಸಿರು ಸಾಲುಗಳಲ್ಲಿ ಎಷ್ಟೋ ಸಂಖ್ಯೆಗಳು ಅವರಿಗೆ ಅನ್ವಯವೇ ಆಗುವುದಿಲ್ಲ.

ಫೆಡರಲ್, ಅಂದರೆ ಕೇಂದ್ರ ಸರಕಾರದ, ನೆರವಿಗೆ ಹಾಕುವ ಅರ್ಜಿಯಾದ ಫಾಫ್ಸಾ ತುಂಬುವುದು ಹೇಗೆ ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಸರಕಾರಿ ಯೂನಿವರ್ಸಿಟಿಗಳ ನೆಟ್ ಪ್ರೈಸ್ ಅಂತ ನೀವು ನೋಡುವ ಸರಾಸರಿಯಲ್ಲಿ ಆ ರಾಜ್ಯದವರಿಗಿರುವ ಕಡಿಮೆ ದರ ಕಟ್ಟುವ ಮಕ್ಕಳು ಮಾತ್ರ ಇರುತ್ತಾರೆ. ಹೊರ ರಾಜ್ಯದವರ ದರ ಕಟ್ಟುವ ಒಂದು ಮಗುವೂ ಆ ಲೆಕ್ಕದಲ್ಲಿಲ್ಲ.

ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಮತ್ತೆ ಅದೇ ಶೀಟು ಬರುತ್ತದೆ. ಹಾಗಾಗಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಇವು ಸುಮ್ನೆ ಉದಾಹರಣೆಗೆ ಹಿಡಿದ ಸಂಖ್ಯೆಗಳು. ಒಂದು ಯೂನಿವರ್ಸಿಟಿಯಲ್ಲಿ ಆ ರಾಜ್ಯದವರಿಗೆ ಟ್ಯೂಷನ್ (ಕಾಲೇಜಿನ ಬೋಧನಾ ಶುಲ್ಕ) 12,000 ಡಾಲರ್, ಹೊರಗಿನವರಿಗೆ 40,000 ಅಂದುಕೊಳ್ಳಿ. ಹಾಸ್ಟೆಲ್, ಊಟ, ಪುಸ್ತಕ, ಓಡಾಟ ಸೇರಿ ಎಲ್ಲರಿಗೂ 18,000. ಆ ರಾಜ್ಯದ ಮಗುವಿಗೆ ಒಟ್ಟು 30,000. ಸರಾಸರಿ 8,000 ಗ್ರ್ಯಾಂಟ್ ಕಳೆದರೆ 22,000. ನಿಮ್ಮ ಶೀಟಿನಲ್ಲಿ ಹಸಿರಾಗಿರುವುದು ಇದು. ನಿಮ್ಮ ಮಗುವಿಗೆ ಬರುವ ಲೆಕ್ಕ 58,000. ಅದರಲ್ಲಿ ಆ 8,000 ಕಳೆಯುವ ಹಾಗೂ ಇಲ್ಲ. ಏಕೆಂದರೆ ಅದರ ದೊಡ್ಡ ಪಾಲು ಆ ರಾಜ್ಯವೇ ತನ್ನ ಜನರಿಗೆ ಕೊಟ್ಟ ಹಣ ಆಗಿರಬಹುದು.

ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್ ನೋಡಿ. ಲಾಟರಿ ಹಣದಿಂದ ನಡೆಯುತ್ತದೆ, ಅಂಕ ನೋಡಿ ಕೊಡುತ್ತಾರೆ, ಆದರೆ ಜಾರ್ಜಿಯಾದವರಿಗೆ ಮಾತ್ರ. ಫ್ಲೋರಿಡಾದ ಬ್ರೈಟ್ ಫ್ಯೂಚರ್ಸ್ ಕೂಡ ಹಾಗೆಯೇ. ನ್ಯೂಯಾರ್ಕಿನ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ ಅಲ್ಲಿನ ನಿವಾಸಿಗಳಿಗೆ, ಅದೂ ಆದಾಯ 1,25,000 ಡಾಲರ್ ಒಳಗಿದ್ದರೆ. ಕ್ಯಾಲಿಫೋರ್ನಿಯಾದ ಸರಕಾರಿ ಯೂನಿವರ್ಸಿಟಿಯಾದ ಯೂಸಿಯ ಕ್ಯಾಂಪಸ್‌ಗಳಂತೂ ಆದಾಯ ನೋಡಿ ಕೊಡುವ ತಮ್ಮ ಗ್ರ್ಯಾಂಟನ್ನು ಹೊರ ರಾಜ್ಯದವರಿಗೆ ಕೊಡುವುದಿಲ್ಲ.

ಒಬ್ಬ ತಾಯಿ ನನ್ನನ್ನು ಕೇಳಿದ್ದರು, "ಸರಕಾರದ ವೆಬ್‌ಸೈಟೇ ಅಲ್ವಾ ಮೇಡಂ, ಅದು ಸುಳ್ಳು ಹೇಳುತ್ತಾ?" ಸುಳ್ಳು ಹೇಳಿಲ್ಲ, ಅದು ಬೇರೆಯವರ ಸತ್ಯ ಅಂದೆ. ಅವರ ಮಗಳು ಅಷ್ಟರಲ್ಲಾಗಲೇ ಆ ಕಾಲೇಜಿನ ಟೀ ಶರ್ಟ್ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅಂಥ ಮಗುವಿನ ಮುಂದೆ ಲೆಕ್ಕ ಬಿಡಿಸುವುದು ನನಗೆ ಬಹಳ ಕಷ್ಟ. ಅದಕ್ಕೇ ಅರ್ಜಿ ಹಾಕುವ ಮೊದಲೇ ಬನ್ನಿ ಅಂತ ಬೇಡಿಕೊಳ್ಳುವುದು.

ಆದಾಯದ ಗುಂಪುಗಳನ್ನು ನೋಡುವಾಗಲೂ ಹುಷಾರಾಗಿರಿ. ಸ್ಕೋರ್‌ಕಾರ್ಡಿನಲ್ಲಿ ಐದು ಗುಂಪುಗಳಿವೆ. ಮೊದಲನೆಯದು 30,000 ಡಾಲರ್‌ವರೆಗೆ, ಕೊನೆಯದು 1,10,000ಕ್ಕಿಂತ ಮೇಲೆ. ನಮ್ಮವರಲ್ಲಿ ಬಹಳಷ್ಟು ಜನ ಬೀಳುವುದು ಆ ಕೊನೆಯ ಗುಂಪಿಗೆ. 1,15,000 ದುಡಿಯುವವರೂ 4,00,000 ದುಡಿಯುವವರೂ ಅಲ್ಲಿ ಒಟ್ಟಿಗೇ ಇರುತ್ತಾರೆ. ಜೊತೆಗೆ, ಆ ಗುಂಪುಗಳ ಸರಾಸರಿಗೆ ಫೆಡರಲ್ ನೆರವು ಪಡೆದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಸಾಲವನ್ನೂ ತೆಗೆದುಕೊಳ್ಳದೆ ಪೂರ್ತಿ ದುಡ್ಡು ಕಟ್ಟಿದ ಕುಟುಂಬ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಜಾಸ್ತಿ ಆದಾಯದವರು ನಿಜವಾಗಿ ಕಟ್ಟುವುದು ಅಲ್ಲಿ ಕಾಣುವುದಕ್ಕಿಂತ ಹೆಚ್ಚೇ ಇರಬಹುದು.

ಇನ್ನೊಂದು ಸೂಕ್ಷ್ಮ ಇದೆ. ಮನೆಯಿಂದಲೇ ಓಡಾಡುವ ಮಕ್ಕಳಿಗೆ ವಸತಿ, ಊಟದ ಖರ್ಚನ್ನು ಕಡಿಮೆ ಲೆಕ್ಕ ಹಾಕುತ್ತಾರೆ. ನ್ಯೂಯಾರ್ಕ್ ನಗರದ ಸರಕಾರಿ ಯೂನಿವರ್ಸಿಟಿಯಾದ ಕ್ಯೂನಿಯ ಕಾಲೇಜುಗಳಂಥ ಕಡೆ ನೆಟ್ ಪ್ರೈಸ್ ಅಷ್ಟು ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಬಾಡಿಗೆ ರೂಮು ಹಿಡಿದು ಓದುವ ಮಗುವಿಗೆ ಆ ಸಂಖ್ಯೆ ಹೊಂದುವುದಿಲ್ಲ.

ಖಾಸಗಿ ಕಾಲೇಜುಗಳಲ್ಲಿ ರಾಜ್ಯದ ದರದ ರಗಳೆ ಇಲ್ಲ. ಅಲ್ಲಿ ನಿಮ್ಮ ಆದಾಯ, ಆಸ್ತಿಯೇ ಮುಖ್ಯ. ಹಾರ್ವರ್ಡ್ 2025-26ರಿಂದ, ಆಸ್ತಿ ತೀರಾ ಹೆಚ್ಚಿಲ್ಲದಿದ್ದರೆ, 2,00,000 ಡಾಲರ್ ಆದಾಯದವರೆಗೂ ಟ್ಯೂಷನ್ ಮನ್ನಾ ಮಾಡಿದೆ. ಸೀಟು ಸಿಗುವುದು ಬೇರೆ ಮಾತು. ಹೆಸರು ಕೇಳಿಯೇ ದುಬಾರಿ ಎಂದು ಬಿಡಬೇಡಿ ಅಂತಷ್ಟೇ ಹೇಳುತ್ತಿದ್ದೇನೆ.

ಹೊರ ರಾಜ್ಯವೇ ಬೇಡ ಅಂತಲೂ ಅಲ್ಲ. ಪಶ್ಚಿಮದ ರಾಜ್ಯಗಳ ನಡುವೆ ಒಂದು ಒಪ್ಪಂದವಿದೆ. ಅದರಡಿ ಆ ರಾಜ್ಯಗಳ ಮಕ್ಕಳು ಒಂದರಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿನವರ ಟ್ಯೂಷನ್ನಿನ ಒಂದೂವರೆ ಪಟ್ಟನ್ನು ಮೀರದ ದರದಲ್ಲಿ ಓದಬಹುದು. ಎಲ್ಲ ಕಾಲೇಜು, ಎಲ್ಲ ಕೋರ್ಸುಗಳಿಗೆ ಸಿಗುವುದಿಲ್ಲ, ವಿಚಾರಿಸಬೇಕು. ವೀಸಾದ ವಿಷಯವೂ ನೆನಪಿರಲಿ. ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಗಳ ಕುಟುಂಬಕ್ಕೆ ಕೊಡುವ ವೀಸಾ) ಮಗುವಿಗೆ ಫೆಡರಲ್ ನೆರವು ಸಿಗುವುದಿಲ್ಲ. ಇಲ್ಲೇ ಹುಟ್ಟಿದ ಮಗು ಅಪ್ಪ ಅಮ್ಮ ಎಚ್-1ಬಿ ಆಗಿದ್ದರೂ ಅರ್ಜಿ ಹಾಕಬಹುದು.

ಶೀಟು ಬಿಸಾಡಬೇಡಿ, ಮೂರನೇ ಕಾಲಮ್ ಅಳಿಸಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಬೇಕು ಎಂಬ ಕಾನೂನು 2011ರಿಂದ ಜಾರಿಯಲ್ಲಿದೆ. ಅಲ್ಲಿ ನಿಮ್ಮ ಆದಾಯ ಹಾಕಿ, ಹೊರ ರಾಜ್ಯದವರು ಎಂದು ಗುರುತು ಮಾಡಿ. 2026ರಲ್ಲಿ ಕಾಲೇಜು ಸೇರುವವರಿಗೆ ಫಾಫ್ಸಾ ನೋಡುವುದು 2024ರ ಟ್ಯಾಕ್ಸ್ ರಿಟರ್ನ್, ಈ ವರ್ಷದ ಸಂಬಳ ಅಲ್ಲ. ಬಂದ ಸಂಖ್ಯೆ ಅಂದಾಜು ಮಾತ್ರ. ಅದರಲ್ಲಿ ಸಾಲವನ್ನೂ ಕಳೆದು ತೋರಿಸಿದ್ದರೆ ಆ ಮೊತ್ತವನ್ನು ವಾಪಸ್ ಕೂಡಿಸಿ. ಕ್ಯಾಲ್ಕುಲೇಟರ್ ರಾಜ್ಯವನ್ನೇ ಕೇಳದಿದ್ದರೆ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆದು ಕೇಳಿ, ಉತ್ತರ ಇಮೇಲಿನಲ್ಲೇ ತರಿಸಿಕೊಳ್ಳಿ.