ಕರೆಂಟಿಲ್ಲದೆ ಬೆಳಗುವ ಟೇಲ್‌ಲೈಟು

ಕಾರನ್ನು ಹಿಂದಕ್ಕೆ ತೆಗೆಯುವಾಗ ಮನೆಯ ಗೇಟಿನ ಕಲ್ಲುಕಂಬ ತಾಗಿ ಎಡಬದಿಯ ಟೇಲ್‌ಲೈಟಿನ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಏಪ್ರಿಲ್‌ನಲ್ಲಿ. ಅದರೊಳಗೆ ನೀರು ನಿಂತಿರುವುದು ನನ್ನ ಕಣ್ಣಿಗೆ ಬಿದ್ದದ್ದು ಜುಲೈನ ಮಳೆ ಹಿಡಿದ ಮೇಲೆ. ಬಲ್ಬುಗಳೆಲ್ಲ ಸರಿಯಾಗಿಯೇ ಉರಿಯುತ್ತಿದ್ದವು. “ಲೈಟ್ ಹತ್ತುತ್ತಿದೆಯಲ್ಲ ಸಾರ್, ಸ್ವಲ್ಪ ಎಂ-ಸೀಲ್ ಮೆತ್ತಿದರೆ ಆಯಿತು, ಇಡೀ ಸೆಟ್ ಯಾಕೆ ಬದಲಿಸುತ್ತೀರಿ?” ಎಂದು ಪರಿಚಯದ ಮೆಕ್ಯಾನಿಕ್ ಹೇಳಿದ್ದು ನನ್ನ ದುಡ್ಡು ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಂದು ರಾತ್ರಿ ಕಾರಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಟಾರ್ಚನ್ನು ಕಿವಿಯ ಪಕ್ಕದಲ್ಲಿ ಹಿಡಿದು ನೋಡಿದಾಗ, ಬಲಗಡೆಯ ಟೇಲ್‌ಲೈಟಿನ ಕೆಳಪಟ್ಟಿ ಊದಿದ ಕೆಂಡದಂತೆ ಹೊಳೆಯಿತು. ಎಡಗಡೆಯದು ಆರಿದ ಇದ್ದಿಲಿನಂತೆ ಕಪ್ಪಗಿತ್ತು. ಕಾರು ಆಫ್ ಆಗಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು.

ಕೆಂಡದಂತೆ ಹೊಳೆದ ಆ ಪಟ್ಟಿಯೇ ಪ್ರತಿಫಲಕ. ಬ್ಯಾಟರಿ ಸತ್ತು ಕಾರು ಹೆದ್ದಾರಿಯ ಅಂಚಿನಲ್ಲಿ ನಿಂತಾಗ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ನಮ್ಮ ಇರವನ್ನು ತಿಳಿಸುವುದು ಇದೊಂದೇ. ಕಾರುಗಳ ಹಿಂಬದಿಯಲ್ಲಿ ಎರಡು ಕೆಂಪು ಪ್ರತಿಫಲಕಗಳಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದೂ ಇದಕ್ಕಾಗಿಯೇ. ನಮ್ಮ ಊರುಗಳಲ್ಲಿ ಇದನ್ನೂ, ಇದರ ತಮ್ಮನಂತಿರುವ ಹೊಳೆಯುವ ಸ್ಟಿಕ್ಕರನ್ನೂ ‘ರೇಡಿಯಂ’ ಎಂದೇ ಕರೆಯುತ್ತಾರೆ. ಈ ಹೆಸರು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ 1898ರಲ್ಲಿ ಪತ್ತೆಹಚ್ಚಿದ ರೇಡಿಯಂ ಒಂದು ವಿಕಿರಣಶೀಲ ಧಾತು. ಅದನ್ನು ಸತುವಿನ ಸಲ್ಫೈಡಿನೊಂದಿಗೆ ಬೆರೆಸಿ ಗಡಿಯಾರದ ಅಂಕಿಗಳಿಗೆ ಬಳಿದರೆ ಅವು ಕತ್ತಲೆಯಲ್ಲಿ ತಾವಾಗಿಯೇ ಬೆಳಗುತ್ತಿದ್ದವು. ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು ದವಡೆಯ ಮೂಳೆ ಕೊಳೆತು ಸತ್ತರು. ಬದುಕಿದ್ದವರು 1920ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಮ್ಮ ಸ್ಟಿಕ್ಕರಿನಲ್ಲಾಗಲಿ ಟೇಲ್‌ಲೈಟಿನಲ್ಲಾಗಲಿ ಅಂಥ ರೇಡಿಯಂ ಎಳ್ಳಷ್ಟೂ ಇಲ್ಲ, ಅವು ತಾವಾಗಿ ಬೆಳಗುವುದೂ ಇಲ್ಲ. ಬೆಳಕು ಬಿದ್ದರೆ ಮಾತ್ರ, ಬಂದ ದಿಕ್ಕಿಗೇ ಅದನ್ನು ಮರಳಿಸುತ್ತವೆ.

ಬಂದ ದಿಕ್ಕಿಗೇ ಎಂಬ ಮಾತಿನಲ್ಲಿಯೇ ಸೊಗಸೆಲ್ಲ ಅಡಗಿದೆ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಕನ್ನಡಿ ಅದನ್ನು ಚೆಲ್ಲುವುದಿಲ್ಲವಾದರೂ ಓರೆಯಾಗಿ ಬಂದ ಬೆಳಕನ್ನು ಇನ್ನೊಂದು ಬದಿಗೆ ದಾಟಿಸಿಬಿಡುತ್ತದೆ. ಈಗ ಕೇರಂ ಬೋರ್ಡನ್ನು ನೆನೆಯಿರಿ. ಮೂಲೆಯ ತೂತಿನಿಂದ ಸ್ವಲ್ಪ ಈಚೆಗೆ ಸ್ಟ್ರೈಕರನ್ನು ಓರೆಯಾಗಿ ಹೊಡೆದರೆ, ಅದು ಒಂದು ಅಂಚಿಗೆ ಬಡಿದು, ಪಕ್ಕದ ಅಂಚಿಗೂ ಬಡಿದು, ಬಂದ ದಾರಿಗೆ ಸಮಾನಾಂತರವಾಗಿ ನಮ್ಮ ಕಡೆಗೇ ಮರಳುತ್ತದೆ. ಮೊದಲ ಅಂಚು ಅದರ ಎಡ-ಬಲದ ಚಲನೆಯನ್ನು ತಿರುಗಿಸಿತು, ಎರಡನೆಯದು ಹಿಂದು-ಮುಂದಿನ ಚಲನೆಯನ್ನು ತಿರುಗಿಸಿತು. ಎರಡೂ ತಿರುಗಿದ ಮೇಲೆ ಅದಕ್ಕೆ ಬೇರೆ ದಿಕ್ಕು ಉಳಿಯಲಿಲ್ಲ. ಬೋರ್ಡು ಸಪಾಟಾದ್ದರಿಂದ ಅಲ್ಲಿ ಎರಡು ಅಂಚು ಸಾಕು. ಬೆಳಕಿಗೆ ಮೇಲು-ಕೆಳಗು ಎಂಬ ಮೂರನೆಯ ಚಲನೆಯೂ ಇರುವುದರಿಂದ ಮೂರನೆಯ ಗೋಡೆಯೊಂದು ಬೇಕು. ಎರಡು ಗೋಡೆಗಳೂ ನೆಲವೂ ಕೂಡುವ ಕೋಣೆಯ ಮೂಲೆಗೆ ರಬ್ಬರ್ ಚೆಂಡೆಸೆದು ಆಡಿದ ಮಕ್ಕಳಿಗೆ ಇದು ಕೈಗೆ ಗೊತ್ತು. ಆ ಮೂಲೆಯನ್ನು ಕೆಲವೇ ಮಿಲಿಮೀಟರಿಗೆ ಕುಗ್ಗಿಸಿ, ಜೇನುಗೂಡಿನ ಕಣ್ಣುಗಳಂತೆ ಸಾಲಾಗಿ ಕೆಂಪು ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಅಚ್ಚೊತ್ತಿದರೆ ಅದೇ ಪ್ರತಿಫಲಕ. ಟೇಲ್‌ಲೈಟನ್ನು ಹತ್ತಿರದಿಂದ ನೋಡಿದರೆ ಆ ಪುಟ್ಟ ಪಿರಮಿಡ್ಡುಗಳು ಬರಿಗಣ್ಣಿಗೇ ಕಾಣಿಸುತ್ತವೆ.

ನಾನು ಟಾರ್ಚನ್ನು ಕಿವಿಯ ಪಕ್ಕ ಹಿಡಿದದ್ದು ಇದೇ ಕಾರಣಕ್ಕೆ. ಕೈಯನ್ನು ದೂರಕ್ಕೆ ಚಾಚಿದರೆ ಬೆಳಕು ಕೈಗೆ ಮರಳುತ್ತದೆಯೇ ಹೊರತು ಕಣ್ಣಿಗಲ್ಲ, ಕೆಂಡ ನಂದಿಹೋಗುತ್ತದೆ. ಚಾಲಕನ ಕಣ್ಣು ಹೆಡ್‌ಲೈಟಿಗಿಂತ ಸುಮಾರು 60 ಸೆಂಟಿಮೀಟರ್ ಮೇಲಿದ್ದರೂ, 100 ಮೀಟರ್ ದೂರದಿಂದ ಆ ಅಂತರ ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಮಾತ್ರ. ಮರಳುವ ಬೆಳಕು ಅಷ್ಟು ಹರಡಿಕೊಂಡರೆ ಸಾಕು, ಅವನ ಕಣ್ಣನ್ನು ಮುಟ್ಟುತ್ತದೆ.

ಇಲ್ಲಿ ಕನ್ನಡಿಯ ಕೆಲಸ ಮಾಡುವವರಾರು? ಆ ಪಿರಮಿಡ್ಡುಗಳ ಬೆನ್ನಿಗೆ ರಸ ಬಳಿದಿರುವುದಿಲ್ಲ. ಬಾವಿಯಲ್ಲಿ ಈಜು ಕಲಿತವರು ನೀರೊಳಗೆ ಕಣ್ಣು ಬಿಟ್ಟು ಓರೆಯಾಗಿ ಮೇಲಕ್ಕೆ ನೋಡಿದ್ದರೆ, ನೀರಿನ ಮೈ ಬೆಳ್ಳಿಯ ತಗಡಿನಂತೆ ಕಂಡದ್ದು ನೆನಪಿರಬಹುದು. ಗಾಜಿನ ಲೋಟದ ನೀರನ್ನು ಕೆಳಗಿನಿಂದ ಓರೆಯಾಗಿ ನೋಡಿದರೂ ಅದೇ ಬೆಳ್ಳಿ ಕಾಣುತ್ತದೆ. ಸಾಂದ್ರವಾದ ಮಾಧ್ಯಮದಿಂದ ವಿರಳವಾದದ್ದಕ್ಕೆ ಹೊರಟ ಬೆಳಕು, ಮೇಲ್ಮೈಯ ಲಂಬಕ್ಕೆ ಒಂದು ಮಿತಿಗಿಂತ ಹೆಚ್ಚು ಓರೆಯಾಗಿದ್ದರೆ, ಹೊರಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಟೇಲ್‌ಲೈಟಿಗೆ ಬಳಸುವ ಅಕ್ರಿಲಿಕ್ ಮತ್ತು ಗಾಳಿಯ ನಡುವೆ ಆ ಮಿತಿ ಸುಮಾರು 42 ಡಿಗ್ರಿ. ನೇರವಾಗಿ ಬಂದ ಬೆಳಕು ಪಿರಮಿಡ್ಡಿನ ಮುಖಗಳಿಗೆ ಬಡಿಯುವುದು ಸುಮಾರು 55 ಡಿಗ್ರಿಯಲ್ಲಿ. ಆದ್ದರಿಂದ ಅದು ಮೂರು ಸಲವೂ ಸೋರದೆ ಮರಳುತ್ತದೆ. ಪಿರಮಿಡ್ಡಿನ ಬೆನ್ನಿಗೆ ಗಾಳಿಯ ಬದಲು ನೀರು ತಾಗಿದಾಗ ಆ ಮಿತಿ 63 ಡಿಗ್ರಿಗೆ ಏರುತ್ತದೆ. 55 ಈಗ ಮಿತಿಯೊಳಗಾಯಿತು. ಬೆಳಕಿನ ಬಹುಪಾಲು ಹಿಂದಿನ ನೀರಿಗೆ ಜಾರಿಹೋಗುತ್ತದೆ. ಕನ್ನಡಿಯ ರಸವನ್ನು ಯಾರೋ ಒರೆಸಿಬಿಟ್ಟಂತೆ. ನನ್ನ ಎಡಗಡೆಯ ಟೇಲ್‌ಲೈಟಿಗೆ ಆಗಿದ್ದು ಇಷ್ಟೇ. ಬಿರುಕಿಗೆ ಎಂ-ಸೀಲ್ ಮೆತ್ತಿದ್ದರೆ ಆ ನೀರನ್ನೇ ಒಳಗೆ ಬಂಧಿಸಿಟ್ಟಂತಾಗುತ್ತಿತ್ತು. ಮಳೆಗಾಲದ ಬೆಳಿಗ್ಗೆ ಕವಚದ ಒಳಗೆ ಕಟ್ಟಿ ಬಿಸಿಲಿಗೆ ಆರಿಹೋಗುವ ತೆಳು ಇಬ್ಬನಿಗೆ ಹೆದರಬೇಕಾಗಿಲ್ಲ. ನಿಂತ ನೀರು ಬೇರೆ.

ಇದೇ ಮೂರು ಮುಖದ ಮೂಲೆ ಚಂದ್ರನ ಮೇಲೂ ಇದೆ. 1969ರ ಜುಲೈನಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ 100 ಗಾಜಿನ ಮೂಲೆಗಳ ಚೌಕಟ್ಟೊಂದನ್ನು ಇರಿಸಿ ಬಂದರು. ಅಂಥ ಚೌಕಟ್ಟುಗಳಿಗೆ ಲೇಸರ್ ಬಿಟ್ಟು, ಅದು ಮರಳುವ ಹೊತ್ತನ್ನು ಅಳೆದೇ ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿರುವುದನ್ನು ತಿಳಿದದ್ದು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಮೇಲೆ ನಾಸಾ ಕೊಟ್ಟ ಎಂಟು ಮೂಲೆಗಳ ಪುಟ್ಟ ಪ್ರತಿಫಲಕವಿದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆ ಅದಕ್ಕೆ ಲೇಸರ್ ಬಿಟ್ಟು, ಮರುಬೆಳಕನ್ನು ಹಿಡಿಯಿತು. ಆ ಹೊತ್ತಿಗೆ ವಿಕ್ರಮ್ ನಿದ್ರೆಗೆ ಜಾರಿ ಮೂರು ತಿಂಗಳಾಗಿತ್ತು, ಅದರಲ್ಲಿ ಕರೆಂಟಿರಲಿಲ್ಲ.

ಸೆಟ್ ಬದಲಿಸುವ ಕೆಲಸ ಅರ್ಧ ಗಂಟೆಯದು. ಡಿಕ್ಕಿಯ ಬಾಗಿಲೆತ್ತಿದರೆ ಟೇಲ್‌ಲೈಟಿನ ಒಳಅಂಚಿನಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಕೆಲವು ಕಾರುಗಳಲ್ಲಿ ಒಳಗಿನ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ನಟ್ಟುಗಳಿರುತ್ತವೆ. ಅವನ್ನು ತೆಗೆದು ಸೆಟ್ಟನ್ನು ನೇರ ಹಿಂದಕ್ಕೆ ಎಳೆಯಬೇಕು. ಹೊರಅಂಚಿನ ಗೂಟಗಳು ಬಾಡಿಯ ತೂತುಗಳಲ್ಲಿ ಬಿಗಿಯಾಗಿ ಕೂತಿರುತ್ತವೆ, ಸ್ಕ್ರೂಡ್ರೈವರಿನಿಂದ ಮೀಟಿದರೆ ಬಣ್ಣ ಕೀಳುತ್ತದೆ. ಕನೆಕ್ಟರಿನ ನಾಲಗೆಯನ್ನು ಒತ್ತಿ ಬಿಡಿಸಿ, ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ, ಹಳೆಯ ಬಲ್ಬುಗಳನ್ನೇ ಹೊಸದಕ್ಕೆ ಹಾಕಬಹುದು. ಬ್ರೇಕಿಗೆ 21 ವ್ಯಾಟ್, ಹಿಂದೀಪಕ್ಕೆ 5 ವ್ಯಾಟ್ ಎಂದು ಎರಡು ತಂತಿಗಳಿರುವ ಬಲ್ಬಿನ ಪಿನ್ನುಗಳು ಬೇರೆಬೇರೆ ಎತ್ತರದಲ್ಲಿರುವುದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ, ಬಲವಂತ ಬೇಡ. ಹಿಂದಿನ ಗ್ಯಾಸ್ಕೆಟ್ ಮಡಚಿಕೊಳ್ಳದಂತೆ ನೋಡಿಕೊಳ್ಳಿ, ಇಲ್ಲವಾದರೆ ಡಿಕ್ಕಿಗೇ ನೀರಿಳಿಯುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಕೊಳ್ಳುವಾಗ. ಅಗ್ಗದ ಸೆಟ್ಟೊಂದನ್ನು ಅಂಗಡಿಯವರು ನನಗೆ ಮೊದಲು ಕೊಟ್ಟಿದ್ದರು. ಅದರ ಮೇಲೆ ಪ್ರತಿಫಲಕದಂಥ ಗೀರುಗಳಿದ್ದವು, ಮೂಲೆಗಳಿರಲಿಲ್ಲ. ಮೊಬೈಲಿನ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಅಸಲಿ ಪ್ರತಿಫಲಕ ಉರಿದಂತೆ ಮೂಡುತ್ತದೆ, ಏಕೆಂದರೆ ಫ್ಲ್ಯಾಶು ಕ್ಯಾಮೆರಾದ ಪಕ್ಕದಲ್ಲಿಯೇ ಇದೆ. ಇದು ಮೂಡಲಿಲ್ಲ, ಹಿಂದಿರುಗಿಸಿದೆ. ಹೊಸ ಕಾರುಗಳಲ್ಲಿ ಪ್ರತಿಫಲಕ ಎಷ್ಟೋ ಸಲ ಬಂಪರಿನಲ್ಲಿರುತ್ತದೆ, ಆಗ ಅದನ್ನು ಪರೀಕ್ಷಿಸಬೇಕು. ಆಯುಧಪೂಜೆಯಂದು ಬಳಿದ ಅರಿಶಿನ ಕುಂಕುಮವನ್ನು ಮರುದಿನ ಒರೆಸದಿದ್ದರೂ, ಚಂದಕ್ಕೆಂದು ಕಪ್ಪು ಫಿಲ್ಮ್ ಅಂಟಿಸಿದರೂ ಬೆಳಕು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡು ಸಲ ತಡೆಯಲ್ಪಡುತ್ತದೆ. ದೀಪವಿಲ್ಲದ ಕಬ್ಬಿನ ಟ್ರಾಲಿಗಳು ನಿಲ್ಲುವ ತಿರುವಿನಲ್ಲಿ ಅಪಘಾತಗಳಾದಾಗ ಅಲ್ಲಿ ದೆವ್ವವಿದೆಯೆಂದು ನಿಂಬೆಹಣ್ಣು ಕೊಯ್ದದ್ದನ್ನು ಕಂಡಿದ್ದೇನೆ. ಆ ಟ್ರಾಲಿಗಳ ಹಿಂದೆ ಒಂದು ಕೆಂಪು ಪಟ್ಟಿಯೂ ಇರಲಿಲ್ಲ ಎಂಬುದು ನನಗೆ ಈಗಲೂ ಸಂಕಟ ತರುತ್ತದೆ.

ತೆಗೆದ ಸೆಟ್ಟಿನಿಂದ ಪ್ರತಿಫಲಕದ ಭಾಗವನ್ನು ಗರಗಸದಲ್ಲಿ ಕತ್ತರಿಸಿ, ನೀರು ಚೆಲ್ಲಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆ. ಟಾರ್ಚು ಹಿಡಿದರೆ ಮೊದಲಿನಂತೆಯೇ ಕೆಂಡ. ಬೆನ್ನಿಗೆ ಅಂಟು ತಾಗದಂತೆ ಗಾಳಿಗೆ ಜಾಗ ಬಿಟ್ಟು, ಅಂಚಿಗೆ ಮಾತ್ರ ಸಿಲಿಕೋನ್ ಬಳಿದು, ಅದನ್ನು ಗೇಟಿನ ಆ ಕಲ್ಲುಕಂಬಕ್ಕೆ ಅಂಟಿಸಿದ್ದೇನೆ.