ಬೆಟ್ಟ ಕಾಣ್ತದೆ, ದಾರಿ ಎಲ್ಲಿ? ಚಾರಣಕ್ಕೆ ಗಾಡಿ ನಿಲ್ಲಿಸುವ ಜಾಗ ಹುಡುಕುವ ಬಗ್ಗೆ ಟಿಪ್ಪಣಿ

ಇದನ್ನು ಬರೆಯುತ್ತಿರುವುದು ಮೊದಲು ನನಗೇ. ಮರೆಯುವ ಮೊದಲು ಒಂದು ಕಡೆ ಇರಲಿ ಅಂತ. ಹೋದ ಭಾನುವಾರ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತೋಣ ಅಂತ ಬೆಳಿಗ್ಗೆ ಐದೂವರೆಗೆ ಮಡಿಕೇರಿ ಬಿಟ್ಟೆವು. ಎಂಟೂವರೆಯಾದರೂ ತೋಟದ ರಸ್ತೆಗಳಲ್ಲೇ ಸುತ್ತುತ್ತಿದ್ದೆವು. ಕೊನೆಗೆ ಒಂದು ಕಬ್ಬಿಣದ ಗೇಟಿನ ಮುಂದೆ ಫೋನು "ನೀವು ತಲುಪಿದ್ದೀರಿ" ಅಂದಿತು. ಒಳಗಿಂದ ಬಂದ ವಾಚ್‌ಮನ್ ನಮ್ಮ ಬ್ಯಾಗು, ಶೂ ಎಲ್ಲ ನೋಡಿ ನಕ್ಕು, "ಬೆಟ್ಟ ಇಲ್ಲಿಂದ ಕಾಣ್ತದೆ ಅಣ್ಣಾ, ದಾರಿ ಮಾತ್ರ ಇಲ್ಲ" ಅಂದರು. ದಿನಾ ಹೇಳಿ ಅಭ್ಯಾಸ ಆಗಿರಬೇಕು.

ನಾನು ಎಡವಿದ್ದು ಎಲ್ಲಿ

ನಕ್ಷೆಯಲ್ಲಿ ಶಿಖರದ ಮೇಲೇ ಬೆರಳು ಒತ್ತಿ ಪಿನ್ ಹಾಕಿ "ದಾರಿ ತೋರಿಸು" ಅಂದಿದ್ದೆ. ಅಲ್ಲೇ ತಪ್ಪಾಯಿತು. ಫೋನಿನ ನಕ್ಷೆಗೆ ಗೊತ್ತಿರುವುದು ಗಾಡಿ ಹೋಗುವ ರಸ್ತೆ. ಶಿಖರಕ್ಕೆ ರಸ್ತೆ ಇಲ್ಲ. ಆಗ ಅದು ಪಿನ್‌ಗೆ ಹತ್ತಿರ ಇರುವ ರಸ್ತೆಯ ಒಂದು ಬಿಂದುವನ್ನು ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಬಿಡುತ್ತದೆ. ಹತ್ತಿರ ಅಂದರೆ ಕಾಗೆ ಹಾರಿದ ಲೆಕ್ಕದಲ್ಲಿ ಹತ್ತಿರ. ನಡುವೆ ಕಣಿವೆ ಇದೆಯಾ, ಹೊಳೆ ಇದೆಯಾ, ಗೇಟ್ ಇದೆಯಾ, ಅದಕ್ಕೆ ಬೇಕಾಗಿಲ್ಲ.

ಇದು ನನಗೆ ತಲೆಗೆ ಹೋಗಿದ್ದು ಲೆಕ್ಕ ಹಾಕಿದ ಮೇಲೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು) ನಡುವಿನ ಎತ್ತರ 20 ಮೀಟರ್. ಈಗ ಒಂದು ರಸ್ತೆ ಶಿಖರದಿಂದ ಒಂದೂವರೆ ಕಿಲೋಮೀಟರ್ ದೂರ, ಆದರೆ 600 ಮೀಟರ್ ಕೆಳಗೆ ಇದೆ ಅಂದುಕೊಳ್ಳಿ. ಒಂದೂವರೆ ಕಿಲೋಮೀಟರ್ ಅಂದರೆ ಕಾಗದದ ಮೇಲೆ ಮೂರು ಸೆಂಟಿಮೀಟರ್. 600 ಮೀಟರ್ ಅಂದರೆ 30 ರೇಖೆ. ಮೂರು ಸೆಂಟಿಮೀಟರಿನಲ್ಲಿ 30 ರೇಖೆ, ಒಂದೊಂದು ಮಿಲಿಮೀಟರಿಗೆ ಒಂದು. ರೇಖೆಗಳು ಒಂದಕ್ಕೊಂದು ಒತ್ತಿಕೊಂಡ ಹಾಗೆ ಕಾಣುತ್ತವೆ, ಅಂದರೆ ಕಡಿದಾದ ಏರು. ದಾರಿ ಇಲ್ಲದೆ ಅಲ್ಲಿ ಹತ್ತೋದು ತುಂಬಾ ಕಷ್ಟ, ಅದೂ ಶೋಲಾ ಕಾಡಿನೊಳಗೆ (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು). ಇನ್ನೊಂದು ಕಡೆ ಐದಾರು ಕಿಲೋಮೀಟರ್ ದೂರದಲ್ಲಿರುವ ರಸ್ತೆಯಿಂದ ಏಣು (ಬೆಟ್ಟದ ಬೆನ್ನು) ಹಿಡಿದು ನಿಧಾನಕ್ಕೆ ಏರುವ ದಾರಿ ಇರುತ್ತದೆ. ನಮಗೆ ಬೇಕಾದ್ದು ಅದು. ಫೋನು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತದೆ, ಯಾಕೆಂದರೆ ಅದಕ್ಕೆ 1.5 ಚಿಕ್ಕದು, 6 ದೊಡ್ಡದು, ಅಷ್ಟೇ.

ಹಾಗಾಗಿ ಈಗ ಉಲ್ಟಾ ಹುಡುಕುತ್ತೇನೆ. ಶಿಖರದಿಂದ ಶುರುಮಾಡಿ ಕಾಲುದಾರಿ ಹಿಡಿದು ಬೆರಳಿನಲ್ಲೇ ಕೆಳಗೆ ಇಳಿಯುವುದು. ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಕಾಲುದಾರಿ ಕೆಂಪು ಚುಕ್ಕಿ, ಜೀಪು ಹೋಗುವ ಮಣ್ಣಿನ ರಸ್ತೆ ಕಂದು ತುಂಡುಗೆರೆ. ಚುಕ್ಕಿ ಹೋಗಿ ತುಂಡುಗೆರೆ ಆಗುವ ಜಾಗ, ತುಂಡುಗೆರೆ ಹೋಗಿ ಟಾರು ರಸ್ತೆ ಆಗುವ ಜಾಗ, ಈ ಎರಡನ್ನೂ ಗುರುತು ಮಾಡಿಕೊಳ್ಳಬೇಕು. ತಡಿಯಂಡಮೋಳ್‌ಗೆ (1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು) ಹೀಗೆ ಇಳಿದರೆ ನೇರ ನಾಲ್ಕುನಾಡು ಅರಮನೆಗೆ ಬರುತ್ತೀರಿ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ. ಅಲ್ಲಿಂದ ಇನ್ನೂ ಇಳಿದರೆ ಕೈಕಂಬ, ಕಕ್ಕಬ್ಬೆ ರಸ್ತೆ. ಮನೆಯಲ್ಲಿ ಕೂತು ಐದು ನಿಮಿಷ ಇದನ್ನು ಮಾಡಿದ್ದರೆ ಅಷ್ಟೂ ಸುತ್ತಾಟ ಉಳಿಯುತ್ತಿತ್ತು.

ಬಸ್ ತಿರುಗುವ ಜಾಗ

ನನ್ನ ಫೇವರಿಟ್ ಉಪಾಯ ಇದು, ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಬಸ್ ಕೊನೆಗೆ ಎಲ್ಲಿ ತಿರುಗುತ್ತದೆ ಅಂತ ಊರಿನವರನ್ನು ಕೇಳಿ. "ಟ್ರೆಕ್ಕಿಂಗ್ ಎಲ್ಲಿ ಶುರು?" ಅಂದರೆ ಹತ್ತು ಜನ ಹತ್ತು ಥರ ಹೇಳುತ್ತಾರೆ. "ಬಸ್ ಎಲ್ಲೀವರೆಗೆ ಬರ್ತದೆ?" ಅಂದರೆ ಉತ್ತರ ಒಂದೇ. ಬಸ್ ಬರುತ್ತದೆ ಅಂದರೆ ಅದು ಸಾರ್ವಜನಿಕ ರಸ್ತೆ, ಯಾರದೋ ತೋಟದ ಸ್ವಂತ ರಸ್ತೆ ಅಲ್ಲ. ಬಸ್ ತಿರುಗುತ್ತದೆ ಅಂದರೆ ಒಂದು ಕಾರು ಪಕ್ಕಕ್ಕೆ ನಿಲ್ಲುವಷ್ಟು ಅಗಲ ಇದೆ. ಹತ್ತಿರ ಒಂದು ಅಂಗಡಿ ಇರುತ್ತದೆ, ಚಹಾ ಸಿಗುತ್ತದೆ. ಅಂಗಡಿಯವರಿಗೆ ಹೇಳಿ ನಿಲ್ಲಿಸಿದರೆ ಸಂಜೆವರೆಗೆ ಗಾಡಿ ಮೇಲೆ ಒಂದು ಕಣ್ಣೂ ಇರುತ್ತದೆ. ತಿರುಗುವ ಜಾಗದ ನಡುವೆ ಮಾತ್ರ ನಿಲ್ಲಿಸಬೇಡಿ, ಡ್ರೈವರ್ ಹಾರ್ನ್ ಹೊಡೆಯುವಾಗ ನೀವು ಬೆಟ್ಟದ ಮೇಲೆ ಇರುತ್ತೀರಿ.

ಗಾಡಿಯೇ ಇಲ್ಲದವರಿಗೆ ಇದು ಇನ್ನೂ ಸಲೀಸು. ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಮೇಲಿಂದ ನೋಡಿದರೆ ಪಾರ್ಕಿಂಗ್, ಹೋಗಿ ನೋಡಿದರೆ ಕಣ

ಉಪಗ್ರಹ ಚಿತ್ರದಲ್ಲಿ ಹಸಿರಿನ ನಡುವೆ ಚೌಕಾಕಾರದ ಬೋಳು ಜಾಗ, ಸಿಮೆಂಟಿನದು, ಖಾಲಿ. ಆಹಾ, ಎಷ್ಟು ಒಳ್ಳೆ ಪಾರ್ಕಿಂಗ್ ಅಂದುಕೊಂಡಿದ್ದೆ. ಅದು ಕಾಫಿ ಒಣಗಿಸುವ ಕಣ! ಡಿಸೆಂಬರ್‌ನಿಂದ ಆಚೆ ಕಾಫಿ ಕುಯ್ಲಿನ ಸಮಯದಲ್ಲಿ ಅಲ್ಲಿ ಇಂಚು ಜಾಗ ಇರುವುದಿಲ್ಲ. ಆ ಸಮಯದಲ್ಲಿ ತೋಟದ ಗೇಟಿಗೆ ಅಡ್ಡ ಗಾಡಿ ನಿಲ್ಲಿಸುವುದೂ ದೊಡ್ಡ ತಪ್ಪು, ಪಿಕಪ್ಪು, ಟ್ರ್ಯಾಕ್ಟರು ಓಡಾಡುತ್ತಲೇ ಇರುತ್ತವೆ.

ಕೊಡಗಿನ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವುದಲ್ವಾ, ಅದಕ್ಕೇ ಮೇಲಿಂದ ನೋಡಿದರೆ ಅರ್ಧ ರಸ್ತೆಗಳು ಕಾಣುವುದೇ ಇಲ್ಲ. ಕಂಡ ರಸ್ತೆ ಈಗಲೂ ಇದೆ ಅಂತಲೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದು ರಸ್ತೆಗಳೇ ಕೊಚ್ಚಿಹೋದವು. ಹಳೇ ಚಿತ್ರ, ಹಿಂದೆ ಹೋದವರ ಫೋನು ದಾಖಲಿಸಿದ ಹಳೇ ಜಿಪಿಎಸ್ ಗೆರೆ ನಂಬುವ ಮೊದಲು ಅದು ಯಾವ ವರ್ಷದ್ದು ನೋಡಿ.

ಮೂರು ಬಿಂದು

ಈಗ ಪ್ರತಿ ಚಾರಣಕ್ಕೂ ಮೂರು ಬಿಂದು ಬೇರೆ ಬೇರೆ ಬರೆಯುತ್ತೇನೆ: ಸಾರ್ವಜನಿಕ ರಸ್ತೆ ಮುಗಿಯುವುದು ಎಲ್ಲಿ, ಗಾಡಿ ನಿಲ್ಲುವುದು ಎಲ್ಲಿ, ಅರಣ್ಯ ಇಲಾಖೆಯ ಗೇಟ್ ಎಲ್ಲಿ. ಮೊದಲು ಮೂರೂ ಒಂದೇ ಅಂದುಕೊಂಡಿದ್ದೆ. ತಡಿಯಂಡಮೋಳ್‌ನಲ್ಲಿ ಗೇಟ್ ಇರುವುದು ಅರಮನೆಗಿಂತ ಮೇಲೆ. ಅರಮನೆ ಹತ್ತಿರ ಗಾಡಿ ಬಿಟ್ಟರೆ ಅಷ್ಟು ದೂರದ ಏರು ರಸ್ತೆಯೂ ನಡಿಗೆಗೆ ಸೇರುತ್ತದೆ, ವಾಪಸ್ ಬರುವಾಗಲೂ ಸೇರುತ್ತದೆ. ಗೇಟಿನಿಂದ ಶಿಖರಕ್ಕೆ ಇಷ್ಟು ಅಂತ ಯಾರೋ ಬರೆದ ಲೆಕ್ಕ ನೋಡಿ ಹೊರಟರೆ ಮೊಣಕಾಲು ಕೇಳುತ್ತದೆ. ಅನುಮತಿಯನ್ನು ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಮಾಡಿಕೊಳ್ಳಿ, ಮಳೆಗಾಲದಲ್ಲೂ ಕಾಡ್ಗಿಚ್ಚಿನ ಸಮಯದಲ್ಲೂ ಮುಚ್ಚುವುದು ಮಾಮೂಲು.

ಉದ್ದದ ದಾರಿಯಾದರೆ

ಉದ್ದದ ದಾರಿಯನ್ನು ತುಂಡು ಮಾಡಿ ಒಂದೊಂದು ದಿನ ನಡೆಯಬೇಕಾದರೆ, ದಾರಿಯ ಗೆರೆಯನ್ನು ರಸ್ತೆ ಎಲ್ಲೆಲ್ಲಿ ಮುಟ್ಟುತ್ತದೆ ನೋಡಬೇಕು. ಕುಮಾರ ಪರ್ವತದ (1,712 ಮೀಟರ್) ದಾರಿಯನ್ನು ನೋಡಿದರೆ ನಡುವೆ ರಸ್ತೆ ಎಲ್ಲೂ ಮುಟ್ಟುವುದಿಲ್ಲ. ಒಂದು ತುದಿ ಕುಕ್ಕೆ ಸುಬ್ರಹ್ಮಣ್ಯ, ಇನ್ನೊಂದು ಸೋಮವಾರಪೇಟೆ ಕಡೆಯ ಬೀದಳ್ಳಿ. ಕುಕ್ಕೆಯಿಂದ ಹತ್ತಿದರೆ 1,500 ಮೀಟರಿಗಿಂತ ಜಾಸ್ತಿ ಏರು. ಬೀದಳ್ಳಿ ಮೊದಲೇ ಎತ್ತರದಲ್ಲಿದೆ, ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಅದೇ ವಾಸಿ. ಹತ್ತಿರದ ಮಲ್ಲಳ್ಳಿ ಜಲಪಾತದ ಪಾರ್ಕಿಂಗ್ ನೋಡಿ ಇದೇ ಇರಬೇಕು ಅಂತ ನಿಲ್ಲಿಸಬೇಡಿ, ಅದು ಜಲಪಾತಕ್ಕೆ ಬರುವವರದ್ದು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದರೆ ಗಾಡಿ ಬೆಟ್ಟದ ಆಚೆ ಉಳಿಯುತ್ತದೆ, ಅದನ್ನು ತರಲು ಬಿಸಿಲೆ ಘಾಟಿ ಸುತ್ತಬೇಕು. ಎರಡು ಗಾಡಿ ಇಲ್ಲದಿದ್ದರೆ ಸುಮ್ನೆ ಹೋದ ದಾರಿಯಲ್ಲೇ ವಾಪಸ್ ಬನ್ನಿ.

ಮುಂದಿನ ಸಲ ಬ್ರಹ್ಮಗಿರಿ ಅಂದುಕೊಂಡಿದ್ದೇವೆ. ಇರ್ಪುವಿನ ರಾಮೇಶ್ವರ ದೇವಸ್ಥಾನದ ಹತ್ತಿರ ಗಾಡಿಗೆ ಜಾಗ ಇದೆ, ಶಿವರಾತ್ರಿ ಹೊತ್ತಿಗೆ ಬಿಟ್ಟು. ಮೂರು ಬಿಂದು ಬರೆದಾಗಿದೆ. ಆನೆ ಓಡಾಡುವ ಕಡೆ, ಹಾಗಾಗಿ ಕತ್ತಲಾಗುವ ಮೊದಲು ಗಾಡಿ ಹತ್ತಿರ ಇರಬೇಕು ಅಂತ ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದೇನೆ.